ಇಂಧನ ನೀತಿ ಬದಲಾದರೆ ಬಿಲ್ಲೂ ಹೊಗೆಯೂ ಎರಡೂ ಕಡಿಮೆಯಾಗುತ್ತಾ?

ಖಂಡಿತ ಆಗುತ್ತದೆ, ಮನೆಯ ಎಲ್‌ಇಡಿ ಬಲ್ಬನ್ನೇ ನೋಡಿ. ಜನರಿಗೆ ಎಲ್‌ಇಡಿ ಬಲ್ಬನ್ನು ಅಗ್ಗಕ್ಕೆ ಕೊಡಲು 2015ರಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ ಸರ್ಕಾರ ಸಬ್ಸಿಡಿ ಕೊಡಲಿಲ್ಲ, ಕೋಟಿಗಟ್ಟಲೆ ಬಲ್ಬಿಗೆ ಒಟ್ಟಿಗೆ ಟೆಂಡರ್ ಕರೆಯಿತು ಅಷ್ಟೇ. ಅಷ್ಟು ದೊಡ್ಡ ಆರ್ಡರ್ ಅಂದಮೇಲೆ ಕಂಪನಿಗಳು ಪೈಪೋಟಿಗೆ ಬಿದ್ದವು, 2014ರಲ್ಲಿ ಸುಮಾರು 310 ರೂಪಾಯಿ ಇದ್ದ ಖರೀದಿ ದರ 2016ಕ್ಕೆ 38ಕ್ಕೆ ಇಳಿಯಿತು.

60 ವ್ಯಾಟಿನ ಹಳೇ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. ನಮ್ಮ ದೇಶದ ಕರೆಂಟಿನಲ್ಲಿ ಕಲ್ಲಿದ್ದಲಿನದೇ ಜಾಸ್ತಿ ಪಾಲು, ಹಾಗಾಗಿ ಉಳಿದ ಒಂದೊಂದು ಯೂನಿಟ್ಟಿಗೂ ಸುಮಾರು 700 ಗ್ರಾಂ ಕಾರ್ಬನ್ ಡೈಆಕ್ಸೈಡ್ ತಪ್ಪುತ್ತದೆ. ಬರೀ ಕರೆಂಟ್ ಫ್ರೀ ಕೊಟ್ಟರೆ ಬಿಲ್ ಇಳಿಯುತ್ತದೆ, ಬಳಕೆ ಇಳಿಯುವುದಿಲ್ಲ.

ನನ್ನ ಪ್ರಕಾರ ಒಟ್ಟಿಗೆ ಟೆಂಡರ್ ಕರೆದು ರೇಟು ಇಳಿಸುವ ಇದೇ ದಾರಿ ಈಗ ಫ್ಯಾನಿಗೂ ಬೇಕು. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಕಡಿಮೆ ಕರೆಂಟಿನಲ್ಲಿ ತಿರುಗುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು, ಆದರೆ ರೇಟು ಇನ್ನೂ ಜಾಸ್ತಿ ಅಲ್ವಾ.