ಸೂಜಿ ಹಾಕಿಸಿದ್ರೆ ಸೊಂಟ ನೋವು ಹೋಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನರಿಗೆ 54 ವರ್ಷ, ದಾವಣಗೆರೆಯಲ್ಲೇ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಎರಡು ವರ್ಷದಿಂದ ಸೊಂಟ ನೋವು, ಜೊತೆಗೆ ಶುಗರ್. ಇಲ್ಲೊಂದು ಕಲ್ಯಾಣ ಮಂಟಪದಲ್ಲಿ ಅಕ್ಯುಪಂಕ್ಚರ್ ಶಿಬಿರ ಹಾಕಿದ್ದಾರೆ. ಹತ್ತು ಸಲ ಸೂಜಿ ಹಾಕಿಸಿದರೆ ನೋವೂ ಹೋಗುತ್ತೆ, ಶುಗರ್ ಮಾತ್ರೆನೂ ಬಿಡಬಹುದು ಅಂತಾರೆ. ಏನೋ ಸೊಪ್ಪು ಸುಟ್ಟು ಪಾದಕ್ಕೆ ಕಾವೂ ಕೊಡ್ತಾರಂತೆ. ಐದು ಸಾವಿರ ವರ್ಷದ ಚೀನಾ ವಿದ್ಯೆಯಂತೆ. ಕಳಿಸಲಾ?
— ಓದುಗರು, ನಿಟ್ಟುವಳ್ಳಿ

ಉತ್ತರ: ಸೊಂಟಕ್ಕೆ ಸೂಜಿ ಹಾಕಿಸಬಹುದಮ್ಮ, ಆದರೆ ಆ ಶಿಬಿರದಲ್ಲಿ ಬೇಡ. ಶುಗರ್ ಮಾತ್ರೆ ಬಿಡಿ ಅನ್ನುವವರ ಕೈಗೆ ನಾನಂತೂ ನನ್ನ ಸೊಂಟ ಕೊಡುವುದಿಲ್ಲ.

ಐದು ಸಾವಿರ ವರ್ಷ ಅನ್ನೋದು ಸ್ವಲ್ಪ ಜಾಸ್ತಿಯಾಯಿತು. ಚೀನಾದ ಮಾವಾಂಗ್‌ದುಯಿ ಎಂಬಲ್ಲಿ ಕ್ರಿ.ಪೂ. 168ರ ಗೋರಿಯೊಂದನ್ನು 1973ರಲ್ಲಿ ಅಗೆದಾಗ ವೈದ್ಯದ ಬರಹಗಳು ಸಿಕ್ಕವು. ಅದರಲ್ಲಿ ಮೈಯೊಳಗಿನ ನಾಳಗಳ ಮಾತಿದೆ, ಕಾವು ಕೊಡುವ ಮಾತಿದೆ, ಸೂಜಿಯ ಸುದ್ದಿಯೇ ಇಲ್ಲ. ಸೂಜಿ ಚಿಕಿತ್ಸೆಯನ್ನು ಬಿಡಿಸಿ ಹೇಳುವ ‘ಹುವಾಂಗ್‌ದಿ ನೇಜಿಂಗ್’ ಎಂಬ ಗ್ರಂಥ ಸುಮಾರು 2000 ವರ್ಷ ಹಳೆಯದು. ಅದೇನು ಕಡಿಮೆ ವಯಸ್ಸಾ? ‘ಚೀ’ ಅನ್ನುವ ಪ್ರಾಣಶಕ್ತಿ ಮೈಯಲ್ಲಿ 12 ಮುಖ್ಯ ದಾರಿಗಳಲ್ಲಿ ಹರಿಯುತ್ತದೆ ಅನ್ನೋದು ಅವರ ಲೆಕ್ಕ. ಭದ್ರಾ ನಾಲೆಗೆ ಮೇಲೆಲ್ಲೋ ಅಡ್ಡ ಕಟ್ಟಿದರೆ ಕೊನೆ ಭಾಗದ ಗದ್ದೆ ಒಣಗುತ್ತಲ್ಲ, ಹಾಗೆ ಚೀ ತಡೆದರೆ ಕಾಯಿಲೆ. ಮೈ ಕೊಯ್ದು ನೋಡಿದರೆ ಈ ನಾಲೆಗಳು ಕಾಣುವುದಿಲ್ಲ, ಅದು ಬೇರೆ ಮಾತು.

ಕಲಿಸುವುದರಲ್ಲಿ ಮಾತ್ರ ಅವರು ಗಟ್ಟಿಗರು. 1027ರಲ್ಲಿ ವಾಂಗ್ ವೇಯಿಯಿ ಎಂಬ ವೈದ್ಯ ಆಳೆತ್ತರದ ಕಂಚಿನ ಬೊಂಬೆ ಮಾಡಿಸಿದ. ಮೈಯೆಲ್ಲ ಸಣ್ಣ ತೂತು. ಪರೀಕ್ಷೆಯ ದಿನ ಅದಕ್ಕೆ ಮೇಣ ಬಳಿದು ಒಳಗೆ ನೀರು ತುಂಬುತ್ತಿದ್ದರಂತೆ. ಸರಿಯಾದ ಜಾಗಕ್ಕೆ ಚುಚ್ಚಿದರೆ ನೀರು ತೊಟ್ಟಿಕ್ಕಬೇಕು, ಇಲ್ಲದಿದ್ದರೆ ಹುಡುಗ ಫೇಲು!

ನಮ್ಮ ದೇಶಕ್ಕೆ ಈ ಸೂಜಿ ವಿದ್ಯೆ ತಂದವರು ಡಾ. ಬಿಜಯ್ ಕುಮಾರ್ ಬಸು. 1938ರಲ್ಲಿ ಡಾ. ಕೋಟ್ನಿಸ್ ಜೊತೆ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿದ್ದವರು. ಆಮೇಲೆ ಮತ್ತೆ ಹೋಗಿ ಕಲಿತು, 1959ರಲ್ಲಿ ಕಲ್ಕತ್ತಾದಲ್ಲಿ ಶುರು ಮಾಡಿದರು.

ನೋವು ಹೋಗುತ್ತಾ ಅಂತ ತಾನೇ ನಿಮ್ಮ ಪ್ರಶ್ನೆ? ಜರ್ಮನಿಯಲ್ಲಿ ಹಳೆಯ ಸೊಂಟ ನೋವಿನ 1162 ಜನರನ್ನು ಮೂರು ಗುಂಪು ಮಾಡಿ ನೋಡಿದರು, 2007ರಲ್ಲಿ ಫಲಿತಾಂಶ ಬಂತು. ಸರಿಯಾದ ಜಾಗದಲ್ಲಿ ಸೂಜಿ ಹಾಕಿಸಿಕೊಂಡವರಲ್ಲಿ ಆರು ತಿಂಗಳಿಗೆ ಶೇ. 48ರಷ್ಟು ಮಂದಿಗೆ ಗುಣ ಕಂಡಿತು, ಸುಮ್ನೆ ಎಲ್ಲೆಲ್ಲೋ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44, ಮಾತ್ರೆ-ವ್ಯಾಯಾಮದ ಗುಂಪಿನಲ್ಲಿ ಶೇ. 27. ಅಂದರೆ ಸೂಜಿಯಿಂದ ಹಗುರ ಆಗುವುದುಂಟು, ಆದರೆ ಆ ಕಂಚಿನ ಬೊಂಬೆಯ ಜಾಗಗಳಿಗೆ ಅಂಥ ವಿಶೇಷವೇನೂ ಕಾಣಲಿಲ್ಲ, ಅಲ್ವಾ?

ಕಲಿತವರ ಹತ್ತಿರ ಕಳಿಸಿ. ಸೂಜಿಯ ಹೊಸ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಕೂದಲಿನ ಹಾಗೆ ತೆಳ್ಳಗಿರುತ್ತದೆ, ಚುಚ್ಚಿದ ಕಡೆ ಸ್ವಲ್ಪ ಭಾರ ಅನ್ನಿಸುತ್ತೆ, ಅಷ್ಟೇ. ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬಾರದು, ತಲೆ ಸುತ್ತಿ ಬೀಳುವವರಿದ್ದಾರೆ. ಕಾಲಿನ ಬಲ ಕಡಿಮೆಯಾದರೆ, ಮೂತ್ರ ಕಟ್ಟಿದರೆ ಇದ್ಯಾವುದೂ ಬೇಡ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆ ಸೊಪ್ಪು ನಮ್ಮ ಹೂವಿನಂಗಡಿಯ ದವನದ ದಾಯಾದಿಯೇ. ಒಣಗಿಸಿ, ಅರಳೆ ಮಾಡಿ, ಕೆಂಡ ಹಿಡಿಸಿ ಚರ್ಮದ ಹತ್ತಿರ ಹಿಡಿಯುತ್ತಾರೆ. ಶುಗರ್ ಇದ್ದವರ ಪಾದ ಎಷ್ಟೋ ಸಲ ಜೋಮು ಹಿಡಿದಿರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ. ಆ ಕಾವು ಮಾತ್ರ ಯಜಮಾನರಿಗೆ ಬೇಡವೇ ಬೇಡ.