ಸ್ಕ್ಯಾನ್‌ಎಫ್ ಸ್ಕಿಪ್ ಆಗಿಲ್ಲ, ಓದಿ ಆಗಿದೆ

ಸಿ ಪ್ರೋಗ್ರಾಂನಲ್ಲಿ ನಂಬರ್ ತಗೊಂಡಮೇಲೆ ‘ಮುಂದುವರಿಸಲಾ, ವೈ ಅಥವಾ ಎನ್?’ ಅನ್ನೋ ಕಡೆ, ಟೈಪ್ ಮಾಡಿದ್ದನ್ನು ಓದೋ ಸ್ಕ್ಯಾನ್‌ಎಫ್ (scanf) ಸ್ಕಿಪ್ ಆಗ್ತಿದೆ, ಕಂಪೈಲರ್ ಬದಲಾಯಿಸಲಾ ಅಂತ ಕೇಳಿದ್ದೀರಿ. ಬೇಡ. ಅಲ್ಲೂ ಇದೇ ಗೋಳು.

ನಾನು ಲ್ಯಾಬ್ ಪರೀಕ್ಷೆಯಲ್ಲಿ ಇದರ ಕೈಗೇ ಸಿಕ್ಕಿಬಿದ್ದವನು. ಕ್ಯಾಲ್ಕ್ಯುಲೇಟರ್ ಪ್ರೋಗ್ರಾಂ: ಎರಡು ಸಂಖ್ಯೆ, ಆಮೇಲೆ ಪ್ಲಸ್ಸೋ ಮೈನಸ್ಸೋ. ಚಿಹ್ನೆ ಒತ್ತೋಕೂ ಬಿಡದೆ ‘ತಪ್ಪು ಚಿಹ್ನೆ’ ಅಂದು ಮುಗಿದುಹೋಗೋದು. ಸೀನಿಯರ್ ಒಬ್ಬರು ‘ಎಸ್‌ಟಿಡಿಇನ್‌ಗೆ ಎಫ್‌ಫ್ಲಶ್ ಹಾಕೋ’ ಅಂದ್ರು, ಅಂದ್ರೆ fflush(stdin) ಬರೆದು ಕೀಬೋರ್ಡ್ ಇನ್‌ಪುಟ್‌ನಲ್ಲಿ ಉಳಿದದ್ದನ್ನು ಖಾಲಿ ಮಾಡು ಅಂತ. ಹಾಕಿದೆ, ನನ್ನ ವಿಂಡೋಸ್ ಲ್ಯಾಪ್‌ಟಾಪಲ್ಲಿ ಸಲೀಸಾಗಿ ಓಡ್ತು. ಪರೀಕ್ಷೆ ದಿನ ನೋಡಿದರೆ ಲ್ಯಾಬಲ್ಲಿ ಲಿನಕ್ಸ್. ಅದೇ ಕೋಡ್, ಮತ್ತೆ ‘ತಪ್ಪು ಚಿಹ್ನೆ’. ಎಫ್‌ಫ್ಲಶ್ ಇರೋದು ಔಟ್‌ಪುಟ್‌ಗೆ. ಇನ್‌ಪುಟ್ ಮೇಲೆ ಪ್ರಯೋಗಿಸಿದರೆ ಏನಾಗಬೇಕು ಅಂತ ಸಿ ಸ್ಟ್ಯಾಂಡರ್ಡ್ ಹೇಳೋದೇ ಇಲ್ಲ. ಒಂದು ಕಡೆ ನಡೆದದ್ದು ನನ್ನ ಪುಣ್ಯ, ಅಷ್ಟೇ.

ಆದರೆ ನನ್ನ ಅಸಲಿ ತಪ್ಪು ಎಫ್‌ಫ್ಲಶ್ ಅಲ್ಲ. ‘ಸ್ಕಿಪ್’ ಅನ್ನೋ ಮಾತನ್ನೇ ನಂಬಿಕೊಂಡು ಕೂತದ್ದು. ಓದೇ ಇಲ್ಲ ಅಂದ್ಕೊಂಡಮೇಲೆ ಚಿಹ್ನೆ ಇಡೋ ವೇರಿಯಬಲ್ ಒಳಗೆ ಇಣುಕೋದು ಯಾಕೆ? ಒಂದು ವಾರ ಇಣುಕಲಿಲ್ಲ. ಸ್ಕ್ಯಾನ್‌ಎಫ್ ಎರಡೆರಡು ಸಲ ಬರೆದೆ, ಸಾಲು ಹಿಂದೆಮುಂದೆ ಮಾಡಿದೆ, ಇಣುಕೋದೊಂದು ಬಿಟ್ಟು. ಪರೀಕ್ಷಕರು ಬಂದು ನಿಂತು, ‘ಅದರಲ್ಲಿ ಏನಿದೆ, ಪರ್ಸೆಂಟ್ ಡಿ (%d) ಹಾಕಿ ಸಂಖ್ಯೆಯಾಗಿ ಪ್ರಿಂಟ್ ಮಾಡಪ್ಪಾ’ ಅಂದ್ರು. ಪರದೆ ಮೇಲೆ 10 ಬಂತು.

10 ಅಂದ್ರೆ ಆಸ್ಕಿಯಲ್ಲಿ, ಅಂದ್ರೆ ಅಕ್ಷರಗಳಿಗೆ ಸಂಖ್ಯೆ ಕೊಡೋ ಪಟ್ಟಿಯಲ್ಲಿ, ನ್ಯೂಲೈನ್. ಸಂಖ್ಯೆ ಆದಮೇಲೆ ನಾನೇ ಒತ್ತಿದ ಎಂಟರ್! ಸ್ಕ್ಯಾನ್‌ಎಫ್‌ನಲ್ಲಿ ಸಂಖ್ಯೆ ಓದೋ ಪರ್ಸೆಂಟ್ ಡಿ ಅಂಕಿಗಳನ್ನು ಮಾತ್ರ ತಗೊಂಡು ಎಂಟರನ್ನು ಬಫರಲ್ಲೇ, ಅಂದ್ರೆ ಟೈಪ್ ಮಾಡಿದ್ದು ಓದೋಕೆ ಕಾಯೋ ಜಾಗದಲ್ಲೇ, ಬಿಡುತ್ತೆ. ಆಮೇಲೆ ಚಿಹ್ನೆ ಓದೋಕೆ ಬರೋ ಪರ್ಸೆಂಟ್ ಸಿ (%c) ಏನು ಸಿಕ್ಕರೂ ಒಂದು ಅಕ್ಷರ ಅಂತ ಎತ್ಕೊಳ್ಳುತ್ತೆ.

ಪರಿಹಾರ ಚಿಕ್ಕದು. ಸ್ಕ್ಯಾನ್‌ಎಫ್‌ನ ಕೋಟ್ಸ್ ಒಳಗೆ ಪರ್ಸೆಂಟ್ ಸಿ ಮುಂಚೆ ಒಂದು ಸ್ಪೇಸ್ ಕೊಡಿ. ಉಳಿದಿರೋ ಸ್ಪೇಸು, ಎಂಟರು ಎಲ್ಲ ನುಂಗಿ ಹಾಕುತ್ತೆ. ಅಪ್ಪಿತಪ್ಪಿ ಪರ್ಸೆಂಟ್ ಡಿ ಆದಮೇಲೆ ಆ ಸ್ಪೇಸ್ ಕೊಟ್ಟೀರಿ, ಇನ್ನೊಂದು ಏನಾದರೂ ಟೈಪ್ ಮಾಡೋವರೆಗೂ ಪ್ರೋಗ್ರಾಂ ಕದಲಲ್ಲ. ನನ್ನ ಕೇಳಿದರೆ, ಎಫ್‌ಗೆಟ್ಸ್‌ನಲ್ಲಿ ಇಡೀ ಸಾಲು ಓದಿ ಎಸ್‌ಸ್ಕ್ಯಾನ್‌ಎಫ್‌ನಲ್ಲಿ ಬಿಡಿಸೋದು ವಾಸಿ. ಸ್ಕ್ಯಾನ್‌ಎಫ್‌ನಿಂದ ಸಿ ಕಲಿಸೋದೇ ತಪ್ಪು ಅನ್ನೋನು ನಾನು.

ಮೊದಲು ಪ್ರಿಂಟ್ ಮಾಡಿ ನೋಡಿ. 10 ಬಂದರೆ ಸ್ಪೇಸ್ ಸಾಕು. ಬೇರೇನಾದರೂ ಬಂದರೆ ಪೂರ್ತಿ ಕೋಡ್ ಹಾಕಿ, ನೋಡೋಣ.