ಭಾನುವಾರ ‘ನೀನು’, ಸೋಮವಾರ ‘ಸರ್’

ಪ್ರಶ್ನೆ: ನನಗೆ 29 ವರ್ಷ. ಖಾಸಗಿ ಕಂಪನಿಯೊಂದರ ಮಾಲೀಕರಿಗೆ ಮೂರು ವರ್ಷದಿಂದ ಪಿಎ ಆಗಿದ್ದೇನೆ. ಅವರು ತುಂಬಾ ಶ್ರೀಮಂತರು, ವಯಸ್ಸು 36. ಮನೆಯವರು ಮದುವೆಗೆ ಒತ್ತಾಯಿಸುತ್ತಿದ್ದಾರೆ, ಮೂರು ತಿಂಗಳ ಮಟ್ಟಿಗೆ ನಿಶ್ಚಿತಾರ್ಥ ಆದವರಂತೆ ನಟಿಸೋಣ ಎಂದು ಕೇಳಿದರು. ಬಡ್ತಿಯ ಮಾತೂ ಬಂತು. ಒಪ್ಪಿಕೊಂಡೆ. ಈಗ ಐದನೇ ತಿಂಗಳು. ಅವರ ಮನೆಯಲ್ಲಿ ಅವರನ್ನು ‘ನೀನು’ ಎನ್ನಬೇಕು, ಆಫೀಸಿನಲ್ಲಿ ‘ಸರ್’. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ, ವಾರವಿಡೀ ಉಂಗುರ ನನ್ನ ಬ್ಯಾಗಿನ ಜಿಪ್ಪಿನೊಳಗೆ ಇರುತ್ತದೆ. ಅವರ ತಾಯಿ ಪ್ರತಿ ಭಾನುವಾರ ನನಗೆ ಫೋನ್ ಮಾಡುತ್ತಾರೆ. ಹೋದ ತಿಂಗಳು ಒಂದು ಸಮಾರಂಭ ಮುಗಿಸಿ ಕಾರಿನಲ್ಲಿ ಬರುವಾಗ, ನೋಡುವವರು ಯಾರೂ ಇಲ್ಲದಿದ್ದರೂ ಅವರು ನನ್ನ ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಮರುದಿನ ಏನೂ ನಡೆದೇ ಇಲ್ಲ ಎನ್ನುವ ಹಾಗೆ ಮೀಟಿಂಗ್ ಪಟ್ಟಿ ಕೇಳಿದರು. ‘ಇನ್ನೂ ಸ್ವಲ್ಪ ದಿನ ಹೀಗೇ ಇರಲಿ’ ಎನ್ನುತ್ತಾರೆ. ನನಗಂತೂ ಪ್ರೀತಿ ಆಗಿಬಿಟ್ಟಿದೆ. ಅವರಿಗೂ ಇದೆಯಾ? ನಾನೇ ಹೇಳಿಬಿಡಲಾ? ಕೆಲಸ ಬಿಡಲಾ?
– ಹೆಸರು ಬೇಡ

ಉತ್ತರ: ಜಾಗ ಸಾಲದೆ ನಿಮ್ಮ ಪತ್ರವನ್ನು ಚಿಕ್ಕದು ಮಾಡಿದ್ದೇನೆ, ಬೇಸರ ಬೇಡ. ಪೂರ್ತಿ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಒಂದು ವಿಷಯ ಕಣ್ಣಿಗೆ ಬಿತ್ತು. ಉದ್ದಕ್ಕೂ ‘ನಮ್ಮ ಬಾಸ್’ ಎಂದೇ ಬರೆದಿದ್ದೀರಿ. ಕಾರಿನ ಪ್ರಸಂಗದಲ್ಲಿ ಮಾತ್ರ ಅವರ ಹೆಸರು ಬಂದಿದೆ. ಮೀಟಿಂಗ್ ಪಟ್ಟಿಯ ಸಾಲಿಗೆ ಬರುವಷ್ಟರಲ್ಲಿ ಮತ್ತೆ ‘ಬಾಸ್’.

ನಿಮ್ಮ ಪ್ರೀತಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಆಡುತ್ತಾ ಆಡುತ್ತಾ ನಾಟಕ ಮೈಗೆ ಹತ್ತುತ್ತದೆ. 1959ರಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಂದ ಒಂದು ಗಂಟೆ ತೀರಾ ಬೇಜಾರಿನ ಕೆಲಸ ಮಾಡಿಸುವುದು, ಆಮೇಲೆ ಇನ್ನೊಬ್ಬರ ಮುಂದೆ ‘ಬಹಳ ಚೆನ್ನಾಗಿತ್ತು’ ಎಂದು ಸುಳ್ಳು ಹೇಳಿಸುವುದು. ಸುಳ್ಳಿಗೆ ಕೆಲವರಿಗೆ 20 ಡಾಲರ್ ಕೊಟ್ಟರು, ಕೆಲವರಿಗೆ ಬರೀ 1 ಡಾಲರ್. ಕೊನೆಗೆ ನಿಜವಾಗಿ ಹೇಗಿತ್ತು ಎಂದು ವಿಚಾರಿಸಿದರೆ, 1 ಡಾಲರ್ ಪಡೆದವರೇ ಜಾಸ್ತಿ ಖುಷಿಯಾಗಿತ್ತು ಎಂದರು. 20 ಡಾಲರ್‌ನವರಿಗೆ ದುಡ್ಡಿಗೋಸ್ಕರ ಹೇಳಿದೆ ಎನ್ನುವ ಸಮಾಧಾನ ಇತ್ತು. ಉಳಿದವರಿಗೆ ಅದೂ ಇಲ್ಲ. ತಾವು ಆಡಿದ ಮಾತನ್ನು ತಾವೇ ನಂಬಿಕೊಂಡರು. ಬಡ್ತಿ ಇನ್ನೂ ಬಂದಿಲ್ಲ ಎಂದು ಬರೆದಿದ್ದೀರಿ. ಹಾಗಾದರೆ ನೀವು 1 ಡಾಲರ್‌ನ ಗುಂಪು!

ಇನ್ನೊಂದು ವಿಷಯ. ಮನೆಯವರು ಏನಾದರೂ ಕೇಳಿದರೆ ತಡವರಿಸಬಾರದು ಎಂದು ಮೂರು ಸಂಜೆ ಕೂತು ಪ್ರಶ್ನೆ-ಉತ್ತರ ಅಭ್ಯಾಸ ಮಾಡಿದಿರಂತೆ. ಚಿಕ್ಕವರಿದ್ದಾಗ ಯಾವುದಕ್ಕೆ ಹೆದರುತ್ತಿದ್ದಿರಿ ಎನ್ನುವವರೆಗೂ ಹೋಯಿತಂತೆ. ಆರ್ಥರ್ ಆರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಮಾಡಿಸಿದ್ದರು. ಗುರುತಿಲ್ಲದವರನ್ನು ಜೋಡಿಯಾಗಿ ಕೂರಿಸಿ, ಹೋಗ್ತಾ ಹೋಗ್ತಾ ಆಪ್ತವಾಗುವ ಪ್ರಶ್ನೆಗಳನ್ನು ಕೊಟ್ಟರು. ಸುಮ್ನೆ ಹರಟಿದ ಜೋಡಿಗಳಿಗಿಂತ ಇವರು ಹೆಚ್ಚು ಹತ್ತಿರವಾದರು. ಅದಕ್ಕೆ ಹಿಡಿದದ್ದು 45 ನಿಮಿಷ. ನೀವು ಮೂರು ಸಂಜೆ ಕೂತಿದ್ದೀರಿ. ಇಬ್ಬರಿಗೂ ಏನೂ ಅನ್ನಿಸದೇ ಇದ್ದಿದ್ದರೆ ನನಗೆ ಆಶ್ಚರ್ಯ ಆಗುತ್ತಿತ್ತು.

ಹಾಗಾಗಿ ‘ಅವರಿಗೂ ಇದೆಯಾ’ ಎನ್ನುವುದಕ್ಕೆ ನನ್ನ ಉತ್ತರ: ಇರಬಹುದು. ಆದರೆ ನನ್ನನ್ನು ಕಾಡಿದ್ದೇ ಬೇರೆ. ಈ ಐದು ತಿಂಗಳಲ್ಲಿ ಅವರಿಗೆ ಒಂದು ಸಲವಾದರೂ ‘ಆಗಲ್ಲ’ ಎಂದಿದ್ದೀರಾ? ಜ್ವರ ಇದ್ದರೂ ಅವರ ಅಕ್ಕನ ಮನೆಯ ಊಟಕ್ಕೆ ಹೋದೆ ಎಂದು ಬರೆದಿದ್ದೀರಿ. ಅಲ್ಲಿಗೆ ಹೋದವಳು ಪ್ರೀತಿಸಿದ ಹುಡುಗಿಯಾ, ಪಿಎನಾ? ನಿಮಗೇ ಸರಿಯಾಗಿ ಗೊತ್ತಿಲ್ಲ, ಅಲ್ವಾ? ಸಂಬಳ, ರಜೆ, ಬಡ್ತಿ ಎಲ್ಲಾ ಅವರ ಒಂದು ಸಹಿಯಲ್ಲಿರುವಾಗ ನಿಮ್ಮ ‘ಹೂಂ’ ಯಾವುದಕ್ಕೆ ಎಂದು ಅವರಿಗೂ ಗೊತ್ತಾಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ಅವರ ಮೇಲೆ ಸ್ವಲ್ಪ ಸಿಟ್ಟಿದೆ. ಇಂಥ ಸಹಾಯ ಕೇಳಲು ಅವರಿಗೆ ಒಬ್ಬ ಗೆಳತಿಯೂ ಸಿಗಲಿಲ್ಲವಾ? ‘ಇಲ್ಲ’ ಎನ್ನಲು ಕಷ್ಟ ಇರುವವರನ್ನೇ ಹುಡುಕಿ ಕೇಳಿದ್ದಾರೆ.

ಎಷ್ಟೋ ದೊಡ್ಡ ಕಂಪನಿಗಳು ಮೇಲಧಿಕಾರಿ ಮತ್ತು ಕೈಕೆಳಗಿನವರ ಸಂಬಂಧವನ್ನು ನಿಯಮ ಮಾಡಿಯೇ ತಡೆಯುತ್ತವೆ. ಇಂಟೆಲ್ ಮುಖ್ಯಸ್ಥರಾಗಿದ್ದ ಬ್ರಯಾನ್ ಕ್ರಜಾನಿಚ್ 2018ರಲ್ಲಿ ಹುದ್ದೆ ಬಿಟ್ಟದ್ದು ಈ ಕಾರಣಕ್ಕೇ. ಅದು ಇಬ್ಬರೂ ಒಪ್ಪಿದ್ದ, ಹಳೆಯ ಸಂಬಂಧ. ನಿಮ್ಮಲ್ಲಿ ಹಾಗಲ್ಲ, ಅವರೇ ಮಾಲೀಕರು, ಇಳಿಸುವವರು ಯಾರೂ ಇಲ್ಲ. ನಾಳೆ ಸುದ್ದಿ ಹೊರಗೆ ಬಿದ್ದರೆ ನಿಮ್ಮ ಮೂರು ವರ್ಷದ ದುಡಿಮೆಗೆ ‘ಓ, ಅದಕ್ಕೇನಾ’ ಎನ್ನುವ ಒಂದು ಮಾತು ಸಾಕು.

ಪ್ರೀತಿಯ ವಿಷಯ ಈಗಲೇ ಹೇಳಬೇಡಿ. ಮೊದಲು ನಾಟಕ ಮುಗಿಯಲಿ. ಆಫೀಸು ಬೇಡ, ಅವರ ಕಾರೂ ಬೇಡ. ಬೇಕೆಂದಾಗ ಎದ್ದು ಬರಬಹುದಾದ ಜಾಗದಲ್ಲಿ ಕೂತು ಇಷ್ಟು ಹೇಳಿ: ‘ಇದನ್ನು ಇನ್ನು ಮುಂದುವರಿಸೋಕೆ ನನ್ನ ಕೈಲಿ ಆಗಲ್ಲ. ಈ ತಿಂಗಳಿಗೆ ಮುಗಿಸೋಣ. ಅಮ್ಮನಿಗೆ ನೀವೇ ಹೇಳಬೇಕು.’ ಹೇಳಿ ಸುಮ್ಮನಾಗಿ. ಆ ಮೌನವನ್ನು ನೀವು ತುಂಬಲು ಹೋಗಬೇಡಿ. ಅವರ ಬಾಯಿಂದ ಮೊದಲು ‘ಯಾಕೆ, ಏನಾಯ್ತು?’ ಎಂದು ಬಂದರೆ ಮಾತು ಮುಂದುವರಿಯಲಿ. ಬಡ್ತಿಯ ಮಾತು ಬಂದರೆ, ನೀವು ನನಗೆ ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಉಂಗುರ ಅವರ ಕೈಗೇ ಕೊಡಿ.

ಕೆಲಸವನ್ನು ಆವೇಶದಲ್ಲಿ ಬಿಡಬೇಡಿ. ಬೇರೆ ಕಡೆ ಹುಡುಕಲು ಮಾತ್ರ ಇವತ್ತೇ ಶುರು ಮಾಡಿ. ಅವರ ಸಹಿಯಿಲ್ಲದ ಸಂಬಳ ಕೈಗೆ ಬಂದ ಮೇಲೂ ಮನಸ್ಸು ಹೀಗೇ ಇದ್ದರೆ ಆಗ ಧಾರಾಳವಾಗಿ ಹೇಳಿ, ನಾನೇನೂ ಅಡ್ಡ ಬರುವುದಿಲ್ಲ. ನಡುವೆ ಅವರು ಮುನಿಸಿಕೊಂಡು ಕೆಲಸದಲ್ಲಿ ಕಿರಿಕಿರಿ ಶುರು ಮಾಡಿದರೆ ಮೆಸೇಜ್‌ಗಳನ್ನು ಅಳಿಸಬೇಡಿ, ತಾರೀಖು ಹಾಕಿ ಬರೆದಿಡಿ. ನಿಮ್ಮವರು ಯಾರಿಗಾದರೂ ಒಬ್ಬರಿಗೆ ಇಡೀ ವಿಷಯ ಗೊತ್ತಿರಲಿ. ಇಷ್ಟು ದಿನ ಒಬ್ಬರೇ ಹೊತ್ತಿದ್ದು ಸಾಕು.

ಆ ತಾಯಿಯ ಬಗ್ಗೆ ನಿಮಗೆ ತಪ್ಪಿತಸ್ಥ ಭಾವನೆ ಇದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಇರಬೇಕಾದ್ದೇ. ಬರುವ ಭಾನುವಾರ ಫೋನ್ ಬಂದರೆ ಎತ್ತಿ. ಆರೋಗ್ಯ ವಿಚಾರಿಸಿ. ಮದುವೆ ಯಾವಾಗ ಎಂದು ಕೇಳಿದರೆ, ‘ಅದನ್ನು ನಿಮ್ಮ ಮಗನನ್ನೇ ಕೇಳಿ ಅಮ್ಮಾ’ ಎನ್ನಿ. ಅಷ್ಟರಲ್ಲಿ ಸುಳ್ಳೇನೂ ಇಲ್ಲ.